ಹದಿನೇಳನೆಯ ಅಡಿಟಿಪ್ಪಣಿ

ಕಳೆದ ಡಿಸೆಂಬರಿನಲ್ಲಿ ಎರಡನೆಯ ಸಲ ದೋಹಾಕ್ಕೆ ಹೋಗಿ, ನಜ್ಮಾ ಬಡಾವಣೆಯ ಓಣಿಯೊಂದರಲ್ಲಿ ನಡೆಯುತ್ತಿದ್ದಾಗ, ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ವಾಸನೆ ಮುಖಕ್ಕೆ ಬಡಿಯಿತು. ಗಂಜಿ, ಆವಿ, ಅದರೊಳಗೆ ತುಸು ಸುಟ್ಟ ನೂಲು. ಬಟ್ಟೆ ಒಗೆದು ಕೊಡುವ ಅಂಗಡಿಯಿಂದ ಅದು ಬರುತ್ತಿತ್ತು. ಅದರ ಪಕ್ಕದ ಬಾಗಿಲು, ಅಂದರೆ ನಾನು ಹುಡುಕಿಕೊಂಡು ಬಂದ ಬಾಗಿಲು, ಈಗ ಮೊಬೈಲಿನ ಒಡೆದ ಗಾಜು ಬದಲಿಸುವ ಅಂಗಡಿಯಾಗಿತ್ತು. ಒಳಗೆ ಕೂತವನಿಗೆ ಅಲ್ಲಿ ಹಿಂದೆ ಏನಿತ್ತೆಂದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಎರಡು ದಾಖಲೆಗಳು ಪರಸ್ಪರ ಒಪ್ಪುವವರೆಗೆ ಯಾವ ತಾರೀಖನ್ನೂ ಬರೆಯದಿರುವುದು ನನ್ನ ನಲವತ್ತು ವರ್ಷಗಳ ಅಭ್ಯಾಸ. ಈ ಬರಹದಲ್ಲಿ ಮಾತ್ರ ತಾರೀಖುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರುಗಳನ್ನೂ ಕೆಲವು ಗುರುತುಗಳನ್ನೂ ಬದಲಿಸಿದ್ದೇನೆ. ಯಾರ ಕುರಿತು ಬರೆಯುತ್ತಿದ್ದೇನೋ ಅವರು ಇದನ್ನು ಕೊನೆಯ ಸಾಲಿನವರೆಗೆ ಕೇಳಿ ಒಪ್ಪಿದ ಮೇಲೆಯೇ ಅಚ್ಚಿಗೆ ಕಳಿಸುತ್ತಿದ್ದೇನೆ. ಆದರೂ ವಿಮಾನದ ಟಿಕೆಟು, ಮೊಮ್ಮಗನ ಲಸಿಕೆಯ ಚೀಟಿ, ಮಗಳ ಫೋನಿನ ಚಿತ್ರಗಳು, ಈ ಮೂರನ್ನೂ ಎದುರಿಗಿಟ್ಟುಕೊಂಡು ವಾರಗಳ ಕ್ರಮವನ್ನು ಸರಿಪಡಿಸಿಕೊಂಡಿದ್ದೇನೆ. ಇಲ್ಲಿ ಹೇಳುತ್ತಿರುವುದು ಖತರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ಮರುವರ್ಷದ ನವೆಂಬರಿನಿಂದ ಮಾರ್ಚಿನವರೆಗಿನ ಕಾಲ. ಅಷ್ಟು ಸಾಕು.

ನಾನು ಹೋದದ್ದು ಮಗಳ ಬಾಣಂತನಕ್ಕೆ. ಅಲ್ ಥುಮಾಮಾದಲ್ಲಿ ಅವರ ಮನೆ. ಅಳಿಯ ಬೆಳಕು ಹರಿಯುವ ಮುಂಚೆಯೇ ಕಂಪನಿಯ ಬಸ್ಸು ಹತ್ತಿ ಮೆಸಯೀದಿನ ಕಾರ್ಖಾನೆಗೆ ಹೋಗುತ್ತಿದ್ದ. ಇತಿಹಾಸದ ಅಧ್ಯಾಪಕಿಯಾಗಿ ತಾಳೆಗರಿ, ಕಡತ, ರಿಜಿಸ್ಟರುಗಳ ನಡುವೆ ಆಯುಷ್ಯ ಕಳೆದ ನನಗೆ ಎಣ್ಣೆನೀರು, ಕಾಳುಮೆಣಸಿನ ಕಷಾಯ ಎಲ್ಲವೂ ಪುಸ್ತಕದಿಂದ ಕಲಿತ ವಿದ್ಯೆ. ಒಂದು ವಾರದಲ್ಲಿ ಮಗಳು ಅನು ನಗುತ್ತಾ, ಅಮ್ಮ, ನೀನು ಮಗುವನ್ನು ಎತ್ತುವುದು ಹಸ್ತಪ್ರತಿಯನ್ನು ಎತ್ತಿದ ಹಾಗೆ, ಎಂದು ನನ್ನನ್ನು ಮಧ್ಯಾಹ್ನದ ಹೊತ್ತು ಹೊರಗೆ ಅಟ್ಟತೊಡಗಿದಳು. ಹಾಗೆ ಬಸ್ಸು ಹಿಡಿದು, ರವಿಕೆ ಹೊಲಿಸುವ ನೆಪದಲ್ಲಿ ನಾನು ನಜ್ಮಾದ ಆ ಅಂಗಡಿಗೆ ಬಂದೆ.

ಅಂಗಡಿ ಉಳ್ಳಾಲದ ಮೋನುಕಾಕನದು. ಮೂವತ್ತು ವರ್ಷಗಳಿಂದ ಖತರಿನಲ್ಲಿ ನೆಲೆಸಿದ ಬ್ಯಾರಿ. ಮುಂದಿನ ಕೋಣೆಯಲ್ಲಿ ಬಟ್ಟೆ ಮಾರುತ್ತಿದ್ದರು. ಪರದೆಯ ಹಿಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದವಳು ವಾರಿಜ. ಮಲ್ಪೆಯ ಕಡೆಯವಳು, ಮೀನು ಮಾರುವವರ ಮಗಳು, ನಲವತ್ತೈದರ ಆಸುಪಾಸು. ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಒಬ್ಬಳೇ ಮಗಳು ದೀಕ್ಷಾ ಮಂಗಳೂರಿನಲ್ಲಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು. ರವಿಕೆಯ ಹಿಂಗುತ್ತಿಗೆಗೆ ವಾರಿಜ ಬಟ್ಟೆಯನ್ನೇ ಹೊಸೆದು, ಮಲ್ಲಿಗೆ ಮೊಗ್ಗಿನಂಥ ಸಣ್ಣ ಗಂಟುಗಳ ಒಂದು ಸಾಲು ಕೂರಿಸುತ್ತಿದ್ದಳು. ಆ ಮೊಗ್ಗಿನ ಸಾಲಿಗಾಗಿ ದೋಹಾದಲ್ಲಿದ್ದ ನಮ್ಮ ಕರಾವಳಿಯ ಹೆಂಗಸರು ತಿಂಗಳು ಕಾಯುತ್ತಿದ್ದರು.

ಆಗ ನನ್ನ ಕೈಯಲ್ಲಿದ್ದ ಕೆಲಸವನ್ನೂ ಹೇಳಬೇಕು. ಕರಾವಳಿಯ ಸಣ್ಣ ಊರುಗಳ ಚಿತ್ರಮಂದಿರಗಳ ಆರ್ಥಿಕ ಇತಿಹಾಸದ ಬಗ್ಗೆ ನಿವೃತ್ತಿಯ ನಂತರ ಬರೆಯುತ್ತಿದ್ದೆ. ಕೊನೆಯ ಭಾಗ 'ಬೆಳಗಿನ ಆಟ'ದ ಕುರಿತಾದದ್ದು. ಅಂದರೆ ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರದ ಅಗ್ಗದ ಚಿತ್ರಗಳು. ಮುಚ್ಚುವ ಹಂತದಲ್ಲಿದ್ದ ಮಂದಿರಗಳನ್ನು ಒಂದಷ್ಟು ಕಾಲ ಉಸಿರಾಡಿಸಿದವು ಅವೇ. ಪ್ರದರ್ಶಕರ ರಿಜಿಸ್ಟರುಗಳು ಸಿಕ್ಕಿದ್ದವು, ಭಿತ್ತಿಪತ್ರಗಳು ಸಿಕ್ಕಿದ್ದವು. ತೆರೆಯ ಮೇಲಿದ್ದವರ ಒಂದು ಮಾತೂ ಸಿಕ್ಕಿರಲಿಲ್ಲ. ಕಾಯುವ ಹೊತ್ತಿನಲ್ಲಿ ಕರಡು ತಿದ್ದಲೆಂದು ಕಡತವನ್ನು ಅಂಗಡಿಗೂ ಒಯ್ಯುತ್ತಿದ್ದೆ. ಒಂದು ದಿನ ಭಿತ್ತಿಪತ್ರದ ಒಂದು ಛಾಯಾಪ್ರತಿ ಕತ್ತರಿಸುವ ಮೇಜಿನ ಮೇಲೆ ಉಳಿದಿತ್ತು. ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತ ಚಿತ್ರ; ಕೆಳಗೆ ನನ್ನ ಕೈಬರಹದಲ್ಲಿ ವರ್ಷ. ವಾರಿಜ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಕೆಳಗಿಟ್ಟು ಅದನ್ನು ನೋಡಿದಳು.

"ಇದು ಈ ವರ್ಷದ್ದಲ್ಲ ಟೀಚರ್ರೇ. ಹಿಂದಿನ ವರ್ಷದ್ದು."

ಮಂದಿರದ ರಿಜಿಸ್ಟರಿನಲ್ಲಿ ಹೀಗೆಯೇ ಇದೆ, ನಿಮಗೆ ಹೇಗೆ ಗೊತ್ತು ಎಂದೆ, ಸ್ವಲ್ಪ ಬಿರುಸಾಗಿಯೇ.

"ರವಿಕೆ ಹೊಲಿದದ್ದು ನಾನು." ಕತ್ತರಿ ಹಿಡಿದು ಒಂದು ತೋಳು ಪೂರ್ತಿ ಕತ್ತರಿಸಿ ಮುಗಿಸಿದ ಮೇಲೆ ಹೇಳಿದಳು, "ಹಾಕಿದ್ದೂ ನಾನೇ."

ಆ ಬೆನ್ನಿನ ಮೇಲೆ ಮೊಗ್ಗಿನ ಸಾಲಿತ್ತು. ಅಂದು ಮನೆಗೆ ಹೋಗಿ ಇನ್ನೆರಡು ರಿಜಿಸ್ಟರುಗಳ ಪ್ರತಿಗಳನ್ನು ತೆಗೆದು ನೋಡಿದೆ. ಆಕೆ ಹೇಳಿದ್ದೇ ಸರಿ. ಒಂದೇ ಚಿತ್ರವನ್ನು ಮರುವರ್ಷ ಬೇರೆ ಹೆಸರಿನಲ್ಲಿ ಮತ್ತೆ ಬಿಟ್ಟಿದ್ದರು. ನಾನು ಎರಡನೆಯ ಬಿಡುಗಡೆಯನ್ನು ಮೊದಲನೆಯದೆಂದು ತಿಳಿದಿದ್ದೆ.

ಆ ಮೇಲೆ ಶುಕ್ರವಾರಗಳಲ್ಲಿ, ಮೋನುಕಾಕ ನಮಾಜಿಗೆ ಹೋಗಿ ಅಂಗಡಿ ಅರ್ಧ ಮುಚ್ಚಿರುವ ಹೊತ್ತಿನಲ್ಲಿ, ಆಕೆ ಹೇಳುತ್ತಾ ಹೋದಳು, ನಾನು ಬರೆದುಕೊಳ್ಳುತ್ತಾ ಹೋದೆ. ಮದರಾಸಿನ ಹೊರವಲಯದ ಬಾಡಿಗೆ ಬಂಗಲೆಗೆ ಆಕೆ ಹೋದದ್ದು ಹೊಲಿಗೆಯವಳಾಗಿ. ಬರಬೇಕಾದ ಹೆಂಗಸು ಒಂದು ದಿನ ಬರಲಿಲ್ಲ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಎಂದು ಇವಳನ್ನು ನಿಲ್ಲಿಸಿದರು. ಬೆನ್ನಿನಿಂದ ಭುಜ, ಭುಜದಿಂದ ಮುಖ. ಮೊದಲ ವರ್ಷ ಒಂದು ಚಿತ್ರಕ್ಕೆ ಹದಿನೈದು ದಿನ ಕೆಲಸವಿರುತ್ತಿತ್ತು, ಕಥೆ ಎನ್ನುವುದೊಂದಿತ್ತು, ಊಟಕ್ಕೆ ಮೀನು ಇರುತ್ತಿತ್ತು. ಲಾಭ ಕಂಡ ಕೂಡಲೇ ಮರದ ವ್ಯಾಪಾರಿ, ಲಾರಿ ಮಾಲೀಕ, ಯಾರು ಯಾರೋ ನಿರ್ಮಾಪಕರಾದರು. ಹತ್ತು ಮನೆಗಳಲ್ಲಿ ಒಟ್ಟಿಗೆ ಚಿತ್ರೀಕರಣ. ಹದಿನೈದು ದಿನ ಆರಕ್ಕೆ ಇಳಿಯಿತು. ಸಂಭಾವನೆ ಇಳಿಯುತ್ತಾ ಹೋಯಿತು, ಕೇಳುವುದು ಮಾತ್ರ ಏರುತ್ತಾ ಹೋಯಿತು: ಪಕ್ಕದ ಮನೆಯವರು ಇಷ್ಟು ತೋರಿಸಿದ್ದಾರೆ, ನಾವು ಅಷ್ಟಾದರೂ ತೋರಿಸಬೇಡವೇ? ಒಲ್ಲೆ ಎಂದರೆ ಒಪ್ಪುವವರು ಹೊರಗೆ ಬೆಂಚಿನಲ್ಲಿ ಕೂತೇ ಇರುತ್ತಿದ್ದರು. ಕೊನೆಕೊನೆಗೆ ಹೊಸದಾಗಿ ತೆಗೆಯುವುದೂ ದುಬಾರಿಯೆನಿಸಿ, ಹಳೆಯ ರೀಲುಗಳನ್ನು ತುಂಡು ಮಾಡಿ ಹೊಸ ಚಿತ್ರಗಳ ನಡುವೆ ಸೇರಿಸತೊಡಗಿದರು. ಆಮೇಲೆ ಸಿ.ಡಿ. ಬಂತು, ಆಮೇಲೆ ಅದೂ ಬೇಡವಾಯಿತು.

ನಾನು ಇದನ್ನು ಪೂರೈಕೆ, ಬೇಡಿಕೆ ಎಂಬ ಮಾತುಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಆಕೆ ಅದನ್ನು ಓದಿಸಿಕೊಂಡು ಕೇಳಿ ನಕ್ಕಳು. "ಅದೆಲ್ಲ ಬೇಡ ಟೀಚರ್ರೇ. ಬೂತಾಯಿ ಮೀನು ರಾಶಿ ಬಿದ್ದ ದಿನ ಎಂಥ ಆಗ್ತದೆ ಗೊತ್ತುಂಟಲ್ಲ? ಎಲ್ಲರ ಬಲೆಯೂ ತುಂಬಿರ್ತದೆ. ಆವತ್ತು ಯಾರೂ ಬುಟ್ಟಿಯಲ್ಲಿ ಕೊಂಡು ಹೋಗುದಿಲ್ಲ. ಲಾರಿಗೆ ತುಂಬಿ ಗೊಬ್ಬರದ ಫ್ಯಾಕ್ಟರಿಗೆ."

ಗೊಬ್ಬರದ ಫ್ಯಾಕ್ಟರಿಗೆ ಹೋದವರಲ್ಲಿ ರೂಪ ಒಬ್ಬಳು. ವಾರಿಜಳ ಜೊತೆ ಕೆಲಸ ಮಾಡಿದವಳು. ಇನ್ನೂ ಅದೇ ದಂಧೆಯಲ್ಲಿದ್ದಳು, ಬೆಂಗಳೂರಿನಲ್ಲಿ. ಶುಕ್ರವಾರಗಳಲ್ಲಿ ಅವಳ ಫೋನು ಬರುತ್ತಿತ್ತು. ಫೋನಿನಲ್ಲಿ ನೋಡುವ ಆ್ಯಪುಗಳು ಬಂದ ಮೊದಲ ದಿನಗಳಲ್ಲಿ ಹಳಬರನ್ನೂ ಕರೆದು ಕರೆದು ಕೆಲಸ ಕೊಟ್ಟರಂತೆ. ವರ್ಷ ತುಂಬುವುದರೊಳಗೆ ಅಂಥ ಆ್ಯಪುಗಳು ನಾಯಿಕೊಡೆಯ ಹಾಗೆ ಎದ್ದು, ಅರ್ಧ ಮುಚ್ಚಿಹೋಗಿ, ಉಳಿದವರು ಕೊಡಬೇಕಾದ್ದನ್ನು ಕೊಡದೆ ಹೋದರು. ಈಗ ರೂಪ ತನ್ನ ಬಾಡಿಗೆ ಕೋಣೆಯಲ್ಲಿ ತಾನೇ ದೀಪ ಹಚ್ಚಿ, ತಾನೇ ಫೋನು ನಿಲ್ಲಿಸಿ, ತಾನೇ ಮಾರುತ್ತಾಳೆ. ಕಾಲೇಜಿನ ಹುಡುಗಿಯರೂ ಮನೆವಾರ್ತೆಯ ಹೆಂಗಸರೂ ಅದನ್ನೇ ಮಾಡುತ್ತಿರುವಾಗ ಐವತ್ತು ದಾಟಿದವಳನ್ನು ಹಣ ಕೊಟ್ಟು ನೋಡುವವರು ಯಾರು? ಅವಳು ಕೇಳುತ್ತಿದ್ದದ್ದು ಒಂದೇ: ನನಗೊಂದು ವೀಸಾ ಮಾಡಿಸು, ಅಂಗಿಗೆ ಗುಂಡಿ ಹಾಕುವ ಕೆಲಸವಾದರೂ ಸರಿ. ವಾರಿಜ ಪ್ರತಿ ಸಲ, ಕಾಕನ ಹತ್ತಿರ ಕೇಳುತ್ತೇನೆ, ಎನ್ನುತ್ತಿದ್ದಳು. ಕೇಳಲಿಲ್ಲ. ರೂಪ ಬಂದರೆ ರೂಪಳನ್ನು ಗುರುತಿಸುವವರು ತನ್ನನ್ನೂ ಗುರುತಿಸುತ್ತಾರೆಂಬ ಭಯ.

ಆ ಭಯವನ್ನು ಆಕೆ ನನ್ನ ಮುಂದೆ ಮುಚ್ಚಿಡಲಿಲ್ಲ. ಬರೆಯಿರಿ, ಎಂದು ಹೇಳಿದ್ದು ಆಕೆಯೇ. ನಮ್ಮ ಬಗ್ಗೆ ನಗಾಡಿ ಬರೆದವರೇ ಹೆಚ್ಚು, ಒಬ್ಬರಾದರೂ ಸರಿಯಾಗಿ ಬರೆಯಲಿ, ಎಂದಳು. ಒಂದೇ ಷರತ್ತು.

"ಮಗಳಿಗೆ ಗೊತ್ತಾಗ್ಬಾರ್ದು. ಅದೊಂದು ಬಿಟ್ಟು ಎಂಥ ಬೇಕಾದ್ರೂ ಬರೀರಿ. ಅವಳು ಹೊಟ್ಟೆಯಲ್ಲಿ ನಿಂತಾಗಲೇ ನಾನು ಎಲ್ಲ ಬಿಟ್ಟದ್ದು."

ಹೆಸರು ಬದಲಿಸಿದೆ. ಊರು ಹೇಳಲಿಲ್ಲ, ದೇಶ ಹೇಳಲಿಲ್ಲ, ಕೊಲ್ಲಿ ಎಂದಷ್ಟೇ ಬರೆದೆ. ಲೇಖನ ಮುಗಿದ ಮೇಲೆ ಎರಡು ಶುಕ್ರವಾರ ಕೂತು ಅದನ್ನು ಆಕೆಗೆ ಓದಿ ಹೇಳಿದೆ. ಆಕೆ ಹೊಲಿಗೆ ನಿಲ್ಲಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಮೂರು ಕಡೆ ತಿದ್ದಿಸಿದಳು. ಕೊನೆಯಲ್ಲಿ, ನೀವು ನನ್ನನ್ನು ಕೆಲಸ ಮಾಡುವ ಹೆಂಗಸಿನ ಹಾಗೆ ಬರೆದಿದ್ದೀರಿ, ಎಂದಳು. ನನ್ನ ಕೃತಿಗಳಿಗೆ ಬಂದ ವಿಮರ್ಶೆಗಳಲ್ಲಿ ಅದಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ.

ನಾನು ಓದಿದ್ದು ಪುಟದ ಮೇಲಿನ ಪಠ್ಯವನ್ನು ಮಾತ್ರ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನು ಯಾರಿಗಾದರೂ ಓದಿ ಹೇಳುವ ವಾಡಿಕೆ ಎಲ್ಲಿದೆ? ಸಭೆಗಳಲ್ಲಿ ಪ್ರಬಂಧ ಮಂಡಿಸುವಾಗಲೂ ಅದನ್ನು ಹಾರಿಸಿಯೇ ಓದುತ್ತೇವೆ. ಒಂಬತ್ತನೆಯ ಅಡಿಟಿಪ್ಪಣಿಯಲ್ಲಿ, ಭಿತ್ತಿಪತ್ರದ ವರ್ಷವನ್ನು ತಿದ್ದಿದ್ದಕ್ಕೆ ಆಧಾರವಾಗಿ, ಹಿಂಗುತ್ತಿಗೆಯ ಮೊಗ್ಗಿನ ಸಾಲು ಸ್ವತಃ ನಟಿಯ ಹೊಲಿಗೆಯೆಂದೂ, ಅದೇ ಹೊಲಿಗೆಯನ್ನು ಆಕೆ ಇಂದಿಗೂ ಮಾಡುತ್ತಿರುವುದನ್ನು ಲೇಖಕಿ ಕಂಡಿರುವುದಾಗಿಯೂ ಬರೆದಿದ್ದೆ. ಹದಿನೇಳನೆಯದರಲ್ಲಿ, ಆಕೆ ಕ್ಷೇತ್ರ ಬಿಟ್ಟ ಕಾಲದ ಕುರಿತು ಒಂದು ತಿದ್ದುಪಡಿ. ಆಕೆ ಹೇಳಿದ ಕಾಲ ಕಳೆದು ಒಂದು ವರ್ಷವಾದ ಮೇಲೆ ಅದೇ ಬಂಗಲೆಯಲ್ಲಿ ತಯಾರಾದ ಚಿತ್ರವೊಂದರಲ್ಲಿ ಆಕೆ ಕಾಣಿಸಿಕೊಂಡಿದ್ದಳು. ಯಾವ ಚಿತ್ರ ಯಾವಾಗ ತಯಾರಾಯಿತೆಂದು ಬರೆದಿಟ್ಟ ಬಂಗಲೆಯ ದಿನಚರಿಯೂ ಮಂದಿರದ ರಿಜಿಸ್ಟರೂ ತಿಂಗಳನ್ನು ಒಪ್ಪುತ್ತಿದ್ದವು. "ಸಾಕ್ಷಿಯ ನೆನಪು ಇಲ್ಲಿ ದಾಖಲೆಗೆ ಹೊಂದುವುದಿಲ್ಲ" ಎಂದು ಬರೆದೆ. ಬರೆದು ಸಂತೋಷಪಟ್ಟೆ. ಮಗಳ ಹೆಸರಾಗಲಿ ಪ್ರಸ್ತಾಪವಾಗಲಿ ಎಲ್ಲಿಯೂ ಇರಲಿಲ್ಲವಲ್ಲ.

ಅಂತರಜಾಲದಲ್ಲಿ ಬರುವ ಒಂದು ಸಣ್ಣ ಪತ್ರಿಕೆ ಜನವರಿಯ ಆರಂಭದಲ್ಲಿ ಅದನ್ನು ಪ್ರಕಟಿಸಿತು. ನಮ್ಮ ಓದುಗರು ಎಷ್ಟು ಮಂದಿಯೆಂದು ನನಗೆ ಗೊತ್ತು. ಒಂದು ಬಸ್ಸು ತುಂಬುವುದಿಲ್ಲ. ಆದರೆ ಊರಿನಲ್ಲಿ ಒಬ್ಬನ ವಿಡಿಯೊ ಚಾನೆಲ್ಲಿತ್ತು. ಹಳೆಯ ನಟಿಯರು ಈಗ ಎಲ್ಲಿದ್ದಾರೆಂದು ತೋರಿಸುವಂಥದ್ದು. ಅದೇ ಬಗೆಯ ಚಾನೆಲ್ಲುಗಳು ಸಾಲುಸಾಲಾಗಿರುವುದರಿಂದ ಅವನಿಗೆ ದಿನಕ್ಕೊಂದು ಹೊಸ ಸುದ್ದಿ ಬೇಕಿತ್ತು. ಹೊಸದು ಸಿಗದ ಒಂದು ದಿನ ಅವನು ಅಡಿಟಿಪ್ಪಣಿಗಳನ್ನು ಓದಿದ. ಭಿತ್ತಿಪತ್ರವನ್ನು ಹುಡುಕಿ ತೆಗೆದು, ಮೊಗ್ಗಿನ ಸಾಲಿಗೆ ಕೆಂಪು ವೃತ್ತ ಹಾಕಿ, ಕೊಲ್ಲಿಯಲ್ಲಿ ಈ ರವಿಕೆ ಯಾರಾದರೂ ತೊಟ್ಟಿದ್ದೀರಾ ಎಂದು ಕೇಳಿದ.

ತೊಟ್ಟಿದ್ದರು. ಸಂಕ್ರಾಂತಿಯ ಕೂಟದಲ್ಲಿ ದೋಹಾದ ನಮ್ಮವರ ಅರ್ಧ ಬೆನ್ನುಗಳ ಮೇಲೆ ಆ ಸಾಲಿತ್ತು, ಅದರ ಚಿತ್ರಗಳು ಎಲ್ಲರ ಫೋನಿನಲ್ಲಿದ್ದವು.

ಏಷ್ಯನ್ ಕಪ್ ಫುಟ್‌ಬಾಲ್ ನಡೆಯುತ್ತಿದ್ದ ದಿನಗಳು ಅವು. ಅಲ್ ಥುಮಾಮಾದ ಕ್ರೀಡಾಂಗಣಕ್ಕೆ ಹೋಗುವ ಜನ, ಬಾವುಟ, ಕಾರುಗಳ ಸಾಲು. ಜನರ ನಡುವೆ ಬಸ್ಸು ಸಿಗದೆ ಎರಡು ದಿನ ನಾನು ನಜ್ಮಾಕ್ಕೆ ಹೋಗಿರಲಿಲ್ಲ. ಆ ವಿಡಿಯೊವನ್ನು ನನಗೆ ತೋರಿಸಿದವಳು ಅನು. ಫೋನನ್ನು ನನ್ನ ಮುಂದೆ ಹಿಡಿದು, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಹೋದಾಗ ಮುಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಊರಿಗೆ ಹೋಗುವುದಿದೆ, ಅಲ್ಲಿಯೇ ಹೊಲಿಸುತ್ತೇವೆ, ಎಂದು ಕತ್ತರಿಸದ ರೇಷ್ಮೆ ತುಂಡನ್ನು ವಾಪಸು ಇಸಿದುಕೊಂಡಳು. ತೊಟ್ಟಿದ್ದ ರವಿಕೆಯ ಬೆನ್ನಿನ ಮೇಲೆ ಸೆರಗನ್ನು ಬಿಗಿಯಾಗಿ ಹೊದ್ದಿದ್ದಳು. ಹಬ್ಬದ ಹೊಲಿಗೆ ಒತ್ತರಿಸಿ ಬರಬೇಕಾದ ಕಾಲದಲ್ಲಿ ಬಟ್ಟೆಗಳು ಹೀಗೆ ಒಂದೊಂದಾಗಿ ಹಿಂದಕ್ಕೆ ಹೋದವು. ಜಗಳವಿಲ್ಲ, ಬೈಗುಳವಿಲ್ಲ, ಪ್ರತಿಯೊಬ್ಬರಿಗೂ ಒಂದು ನೆಪವಿತ್ತು.

ಪರದೆಯ ಹಿಂದೆ ವಾರಿಜ ಕೂತಿದ್ದಳು. ಯಾರೋ ಆಕೆಗೆ ಇಡೀ ಲೇಖನವನ್ನು ಕಳಿಸಿದ್ದರು.

"ಅಡಿಯಲ್ಲಿ ಸಣ್ಣಕ್ಕೆ ಬರೆದದ್ದನ್ನು ನೀವು ಓದ್ಲಿಲ್ಲ ಟೀಚರ್ರೇ," ಎಂದಳು. ಅಷ್ಟೇ.

ಪತ್ರಿಕೆಯವರು ಅಂದೇ ಲೇಖನವನ್ನು ತೆಗೆದರು. ಚಾನೆಲ್ಲಿನವನಿಗೂ ಬರೆದೆ. ಅವನು ಮರ್ಯಾದೆಯಿಂದಲೇ ಉತ್ತರಿಸಿದ: ಮೇಡಂ, ನಾನು ತೆಗೆದರೂ ನನ್ನಿಂದ ಎತ್ತಿಕೊಂಡವರು ಆಗಲೇ ಹಾಕಿಯಾಗಿದೆ, ನಷ್ಟ ನನಗೊಬ್ಬನಿಗೆ ಆಗುತ್ತದೆ. ಅಷ್ಟರಲ್ಲಿ ವಿಡಿಯೊ ನೋಡಿದವರು ಹಳೆಯ ಚಿತ್ರಗಳನ್ನು ಹುಡುಕಿದ್ದರು. ಖತರಿನಲ್ಲಿ ಅಂಥ ತಾಣಗಳು ತೆರೆಯುವುದಿಲ್ಲ; ತುಣುಕುಗಳು ಊರಿನಿಂದ ಫೋನಿಗೆ ಬಂದವು.

ಒಂದು ಸಂಜೆ ಮೋನುಕಾಕ ನನ್ನನ್ನು ಹೊರಗೆ ಕರೆದು, ಪಕ್ಕದ ಕೆಫೆಟೇರಿಯಾದಿಂದ ಚಹಾ ತರಿಸಿದರು. ನಾನು ಅವಳ ಪರವಾಗಿ ಮಾತಾಡಲು ಸಿದ್ಧಳಾಗಿ ಬಂದಿದ್ದೆ. ಅವಕಾಶವಾಗಲಿಲ್ಲ.

"ನನಗೆ ಗೊತ್ತಿತ್ತು ಟೀಚರ್. ವೀಸಾ ಮಾಡುವ ಮೊದಲೇ ಗೊತ್ತಿತ್ತು," ಎಂದರು. "ಹನ್ನೊಂದು ವರ್ಷ ಗೊತ್ತಿಲ್ಲದ ಹಾಗೆ ಇದ್ದೆ. ಅವಳಿಗೂ ನನಗೆ ಗೊತ್ತುಂಟು ಅಂತ ಗೊತ್ತಿರ್ಲಿಲ್ಲ. ಈಗ ಮಸೀದಿಯಲ್ಲಿ ನಾಲ್ಕು ಜನ ನನ್ನನ್ನು ಕೇಳ್ತಾರೆ, ಗೊತ್ತುಂಟಾ ಕಾಕ ಅಂತ. ಇನ್ನು ಗೊತ್ತಿಲ್ಲದ ಹಾಗೆ ಇರ್ಲಿಕ್ಕೆ ಆಗುದಿಲ್ಲ. ಖಲಾಸ್."

ಚಹಾ ತಣ್ಣಗಾಯಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ದಾರಿಯೂ ಉಳಿದಿರಲಿಲ್ಲ. ದಾಖಲೆಗಳನ್ನು ಬೆಳಕಿಗೆ ತರುವುದನ್ನೇ ಪುಣ್ಯವೆಂದು ಬದುಕಿದವಳು ನಾನು. ಆ ಬಟ್ಟೆ ವ್ಯಾಪಾರಿ ಹನ್ನೊಂದು ವರ್ಷ ಒಂದು ದಾಖಲೆಯನ್ನು ಮಡಿಸಿ ಒಳಗಿಟ್ಟು ಒಂದು ಸಂಸಾರವನ್ನು ಸಾಕಿದ್ದರು.

ರಮ್ಜಾನ್ ತಿಂಗಳು ಶುರುವಾಗುವ ಹಿಂದಿನ ವಾರ ವಾರಿಜ ಕೆಲಸ ಕಳೆದುಕೊಂಡು ಊರಿಗೆ ಹೊರಟಳು. ವಿಮಾನ ನಿಲ್ದಾಣಕ್ಕೆ ಬರಬೇಡಿ ಎಂದಿದ್ದಳು, ಅಂಗಡಿಯಲ್ಲಿಯೇ ಕಂಡೆ. ಯಂತ್ರಕ್ಕೆ ಬಟ್ಟೆ ಹೊದಿಸಿ, ಸೂಜಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಹಿಂದಿನ ದಿನ ರೂಪ ಫೋನು ಮಾಡಿದ್ದಳಂತೆ.

"ಅವಳು ದಿನಾ ಹೊಸತು ಮಾಡಿ ಹಾಕ್ತಾಳೆ, ನೋಡುವವರಿಲ್ಲ. ನನ್ನ ಹಳೇದನ್ನು ಲಕ್ಷಗಟ್ಟಲೆ ಜನ ನೋಡಿದ್ರಂತೆ." ನಕ್ಕಳು. "ಅವಳಿಗೆ ಹೊಟ್ಟೆಕಿಚ್ಚು ಮಾರಾಯ್ರೇ."

ದೀಕ್ಷಾಳ ವಿಷಯ ಕೇಳಿದೆ. ಅವಳ ಹಾಸ್ಟೆಲಿನಲ್ಲಿ ಎಲ್ಲರೂ ನೋಡಿದ್ದಾರೆ, ಎಂದಳು. ಹೋಗಿ ಮುಖ ತೋರಿಸಿ ಮಾತಾಡುತ್ತೇನೆ. ನೀನು ಬರುವ ಮೊದಲಿನ ಕಥೆ ಅದು, ನಿನಗೆ ಅದು ತಾಗಲಿಲ್ಲ ಎಂದು ಹೇಳುತ್ತೇನೆ. ಅವಳಿಗೆ ಕೊಡಲಿಕ್ಕೆ ನನ್ನ ಹತ್ತಿರ ಇರುವುದು ಅದೊಂದೇ, ಎಂದಳು. ಆಗಲೂ ನನಗೆ ಹದಿನೇಳನೆಯ ಟಿಪ್ಪಣಿ ಹೊಳೆಯಲಿಲ್ಲ. ಲೇಖನ ತೆಗೆದಾಯಿತಲ್ಲ ಎಂದುಕೊಂಡಿದ್ದೆ.

ನಾನು ವಾಪಸು ಮೈಸೂರಿನ ಮನೆಗೆ ಹೊರಡಲು ನಾಲ್ಕು ದಿನ ಇತ್ತು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಗುರುತಿಲ್ಲದ ಸಂಖ್ಯೆಯಿಂದ ಫೋನು ಬಂತು. ಎಳೆಯ, ನೇರವಾದ ದನಿ. ಅಮ್ಮನ ಫೋನಿನಿಂದ ನಂಬರು ತೆಗೆದುಕೊಂಡೆ, ನಾನು ದೀಕ್ಷಾ, ಎಂದಿತು. ನಾನು ಕ್ಷಮೆ ಕೇಳಲು ತೊಡಗಿದೆ. ಅದು ಬೇಡ ಮೇಡಂ, ಒಂದು ವಿಷಯ ಕೇಳಲಿಕ್ಕಿದೆ, ಎಂದಳು. ಲೇಖನದ ಪುಟಗಳ ಚಿತ್ರ ಅವಳ ಹತ್ತಿರ ಇತ್ತು. ಹದಿನೇಳನೆಯ ಟಿಪ್ಪಣಿಯನ್ನು ಅಕ್ಷರ ಬಿಡದೆ ಓದಿದಳು.

"ನೀವು ಬರೆದ ತಿಂಗಳಲ್ಲಿ ನನಗೆ ನಾಲ್ಕು ತಿಂಗಳು ತುಂಬಿತ್ತು. ಅಮ್ಮ ಹೇಳುದು ನಾನು ಹುಟ್ಟುವ ಮೊದಲೇ ಬಿಟ್ಟದ್ದು ಅಂತ. ಆ ತಾರೀಖು ಸರಿಯಾ?"

ಎರಡು ದಾಖಲೆಗಳು ಒಪ್ಪಿದ್ದವು. ಸರಿ ಎಂದು ಹೇಳಲು ನನ್ನ ಬಾಯಿ ತೆರೆಯಿತು. ಎಣ್ಣೆಗೈಯಲ್ಲಿ ಫೋನು ಜಾರುತ್ತಿತ್ತು. ಅದನ್ನು ಇನ್ನೊಂದು ಕೈಗೆ ಬದಲಿಸಿಕೊಳ್ಳುವಷ್ಟರಲ್ಲಿ, ನನ್ನದೇ ಲೇಖನದ ಇನ್ನೊಂದು ಪುಟ ಕಣ್ಣಿಗೆ ಕಟ್ಟಿತು. ಹೊಸದಾಗಿ ತೆಗೆಯುವುದು ದುಬಾರಿಯೆನಿಸಿ ಹಳೆಯ ರೀಲುಗಳನ್ನು ತುಂಡು ಮಾಡಿ ಹೊಸ ಚಿತ್ರಗಳಿಗೆ ಸೇರಿಸುತ್ತಿದ್ದರೆಂದು, ವಾರಿಜಳ ಬಾಯಿಂದಲೇ ಕೇಳಿ, ನಾನೇ ಬರೆದಿದ್ದೆ. ಬಂಗಲೆಯ ದಿನಚರಿ ಹೇಳಿದ್ದು ಚಿತ್ರ ಯಾವಾಗ ತಯಾರಾಯಿತೆಂಬುದನ್ನು. ಅದರೊಳಗಿನ ಹೆಂಗಸು ಆ ದಿನ ಅಲ್ಲಿದ್ದಳೆಂದು ಅದು ಎಲ್ಲಿಯೂ ಹೇಳಿರಲಿಲ್ಲ. ಹಾಗೆ ಊಹಿಸಿದವಳು ನಾನು. ಅಂಗಡಿಗಳೆಲ್ಲ ಒಂದೇ ಸರಕಿನಿಂದ ತುಂಬಿ, ಹಳೆಯದನ್ನೇ ಹೊಸದೆಂದು ಮಾರುತ್ತಿದ್ದ ಕಾಲದಲ್ಲಿ, ಆಕೆ ಬಿಟ್ಟು ಹೋದ ಮೇಲೂ ಆಕೆಯ ತುಣುಕುಗಳನ್ನು ದುಡಿಸಿದ್ದರು.

"ತಪ್ಪು," ಎಂದೆ. "ತಾರೀಖು ತಪ್ಪು. ಅದು ಹಳೆಯ ರೀಲು. ನಿಮ್ಮ ಅಮ್ಮ ಹೇಳಿದ್ದೇ ಸರಿ."

ಯಾಕೆ, ಹೇಗೆ ಎಂದು ವಿವರಿಸತೊಡಗಿದೆ. ಅವಳು ಪೂರ್ತಿ ಕೇಳಿದಳು. ತಿದ್ದುಪಡಿ ಅಚ್ಚು ಹಾಕಿಸುತ್ತೇನೆ ಎಂದೆ. ಈಗ ಬೇಡ ಮೇಡಂ, ಅದನ್ನು ಓದಿ ಮತ್ತೆ ಹುಡುಕುತ್ತಾರೆ, ಎಂದಳು. ಆಮೇಲೆ ಅವಳ ದನಿ ಬದಲಾಯಿತು, ಮೊದಲಿನ ನೇರ ಅದರಲ್ಲಿರಲಿಲ್ಲ.

"ನಿನ್ನೆ ಅಮ್ಮನಿಗೆ ಈ ಪುಟ ತೋರಿಸಿ ಕೇಳಿದೆ, ಯಾಕೆ ಸುಳ್ಳು ಹೇಳಿದ್ದು ಅಂತ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅಮ್ಮ ಕನ್ನಡಕ ಹಾಕಿ ಎರಡು ಸಲ ಓದಿದ್ರು ಮೇಡಂ. ಆಮೇಲೆ ಹೇಳಿದ್ರು, ಟೀಚರ್ ನೋಡದೆ ಬರೆಯುವವರಲ್ಲ, ನನಗೇ ಮರೆತದ್ದಿರಬೇಕು ಅಂತ."